ರೇಡಿಯೊ, ಟಿವಿ ನಡೆಸೋದಕ್ಕೆ ಜನರ ವೋಟು: ಯಾರು ಹಾಕಬೇಕು, ಯಾವುದಕ್ಕೆ ಹಾಕಬೇಕು?

2018ರ ಮಾರ್ಚ್ 4, ಭಾನುವಾರ. ಸ್ವಿಟ್ಜರ್ಲೆಂಡಿನ ಜನ ಅವತ್ತು ಒಂದು ಅಪರೂಪದ ವಿಷಯಕ್ಕೆ ವೋಟು ಹಾಕಿದರು. ದೇಶದ ಸಾರ್ವಜನಿಕ ರೇಡಿಯೊ ಮತ್ತು ಟಿವಿಗಾಗಿ ಮನೆಮನೆಯಿಂದ ವಸೂಲಿ ಮಾಡುವ ಶುಲ್ಕ ಇರಬೇಕೋ, ಬೇಡವೋ? ಆಗ ಒಂದು ಮನೆಗೆ ವರ್ಷಕ್ಕೆ ಸುಮಾರು 451 ಫ್ರಾಂಕ್ ಬೀಳುತ್ತಿತ್ತು. ಇಷ್ಟು ದುಡ್ಡು ಉಳಿಯುತ್ತದೆ ಎಂದರೆ ಯಾರು ಬೇಡ ಅಂತಾರೆ, ಅಲ್ವಾ? ಆದರೆ ವೋಟು ಹಾಕಿದವರಲ್ಲಿ ಶೇ 71.6 ಮಂದಿ ಶುಲ್ಕ ಇರಲಿ ಎಂದರು. ನಮ್ಮ ರಾಜ್ಯಗಳಂತೆ ಅಲ್ಲಿ 26 ಕ್ಯಾಂಟನ್‌ಗಳಿವೆ. ಅವುಗಳಲ್ಲಿ ಒಂದೂ ರದ್ದತಿಯ ಪರ ನಿಲ್ಲಲಿಲ್ಲ.

ಈ ಫಲಿತಾಂಶಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು ಇನ್ನೊಂದು ಸಂಗತಿ. ಒಂದು ಪ್ರಸಾರ ಸಂಸ್ಥೆಯ ಅಳಿವು ಉಳಿವನ್ನು ಮಂತ್ರಿಗಳೋ ಅಧಿಕಾರಿಗಳೋ ಅಲ್ಲ, ಕೇಳುವವರು ನೋಡುವವರೇ ತೀರ್ಮಾನ ಮಾಡಿದರು. ಇಂಥ ಅವಕಾಶ ಜಗತ್ತಿನಲ್ಲಿ ತೀರಾ ಕಡಿಮೆ ಜನರಿಗೆ ಸಿಕ್ಕಿದೆ.

ಸಾರ್ವಜನಿಕ ಪ್ರಸಾರ ಸಂಸ್ಥೆ ಅಂದರೆ ಲಾಭಕ್ಕಾಗಿ ನಡೆಯದ, ಸರ್ಕಾರದ ಬಾಯಿಯೂ ಆಗದ, ಜನರ ದುಡ್ಡಿನಲ್ಲಿ ಜನರಿಗಾಗಿ ನಡೆಯುವ ರೇಡಿಯೊ ಮತ್ತು ಟಿವಿ. ಬ್ರಿಟನ್ನಿನ ಬಿಬಿಸಿ, ಜಪಾನಿನ ಎನ್‌ಎಚ್‌ಕೆ, ನಮ್ಮ ಆಕಾಶವಾಣಿ ಮತ್ತು ದೂರದರ್ಶನ ಎಲ್ಲವೂ ಈ ಸಾಲಿಗೆ ಸೇರಬೇಕಾದವು. ಎಲ್ಲವೂ ಜನರ ಹೆಸರಿನಲ್ಲೇ ನಡೆಯುತ್ತವೆ. ಆದರೆ ಜನರ ಪರವಾಗಿ ಮಾತಾಡುವವರನ್ನು ನೇಮಿಸುವವರು ಯಾರು? ಬಹುಪಾಲು ಕಡೆ ಸರ್ಕಾರ, ಇಲ್ಲವೇ ಸರ್ಕಾರಕ್ಕೆ ಹತ್ತಿರದ ಒಂದು ಸಮಿತಿ. ಬಿಬಿಸಿಗೆ ವರ್ಷವರ್ಷ ಲೈಸೆನ್ಸ್ ಶುಲ್ಕ ಕಟ್ಟುವ ಬ್ರಿಟನ್ನಿನ ಮನೆಗಳಿಗೂ ಅದರ ಅಧ್ಯಕ್ಷರನ್ನು ಆರಿಸುವ ಹಕ್ಕಿಲ್ಲ.

ಹಾಗಾದರೆ ಜನರಿಗೆ ವೋಟು ಕೊಟ್ಟುಬಿಟ್ಟರೆ ಆಯಿತಲ್ಲ? ಇಲ್ಲಿಂದಲೇ ವಿಷಯ ಜಟಿಲವಾಗುವುದು. ವೋಟನ್ನು ದುಡ್ಡಿನ ಮೇಲೆ ಕೊಡಬಹುದು. ಯಾವ ಗುಂಪಿಗೆ ಎಷ್ಟು ಹೊತ್ತು ಪ್ರಸಾರ ಎಂಬುದರ ಮೇಲೆ ಕೊಡಬಹುದು. ಆಡಳಿತ ಮಂಡಳಿಯಲ್ಲಿ ಯಾರು ಕೂರಬೇಕು ಎಂಬುದರ ಮೇಲೂ ಕೊಡಬಹುದು. ಮೂರನ್ನೂ ಬೇರೆ ಬೇರೆ ಕಡೆ ಮಾಡಿ ನೋಡಿದ್ದಾರೆ. ಮೂರರ ಫಲವೂ ಬೇರೆ ಬೇರೆ. ಕೇಳುಗರಿಗೆ ವೋಟು ಸಿಗಲೇಬೇಕು ಎನ್ನುವವನು ನಾನು. ಆದರೆ ಯಾವುದರ ಮೇಲೆ ಎಂಬುದನ್ನು ಸರಿಯಾಗಿ ಆರಿಸಿಕೊಳ್ಳದಿದ್ದರೆ ಅದೇ ವೋಟು ಸಂಸ್ಥೆಯನ್ನು ಹಾಳೂ ಮಾಡಬಲ್ಲದು.

ದುಡ್ಡಿನ ಮೇಲೆ ವೋಟು

ಮೊದಲು ಸ್ವಿಟ್ಜರ್ಲೆಂಡನ್ನೇ ನೋಡೋಣ. ಅಲ್ಲಿ 18 ತಿಂಗಳೊಳಗೆ ಒಂದು ಲಕ್ಷ ಸಹಿ ಸಂಗ್ರಹಿಸಿದರೆ ಸಂವಿಧಾನ ತಿದ್ದುಪಡಿಯ ಪ್ರಶ್ನೆಯನ್ನು ಇಡೀ ದೇಶದ ಮುಂದೆ ಇಡಬಹುದು. ಯುವ ರಾಜಕಾರಣಿಗಳ ಒಂದು ಗುಂಪು ಇದನ್ನೇ ಬಳಸಿಕೊಂಡಿತು. ಶುಲ್ಕ ವಸೂಲಿ ಮಾಡುತ್ತಿದ್ದ ಕಂಪನಿಯ ಹೆಸರು ಬಿಲಾಗ್. ಹಾಗಾಗಿ ಆಂದೋಲನಕ್ಕೆ ‘ನೋ ಬಿಲಾಗ್’ ಎಂದೇ ಹೆಸರು ಬಿತ್ತು.

ಅಲ್ಲಿನ ಸಂಸ್ಥೆಯ ಹೆಸರು ಎಸ್‌ಆರ್‌ಜಿ. ಅದು ಜರ್ಮನ್, ಫ್ರೆಂಚ್, ಇಟಾಲಿಯನ್, ರೊಮಾನ್ಶ್ ಎಂಬ ನಾಲ್ಕು ಭಾಷೆಗಳಲ್ಲಿ ಪ್ರಸಾರ ಮಾಡುತ್ತದೆ. ಶುಲ್ಕದ ಹಣದಲ್ಲಿ ಬಹುಪಾಲು ಬರುವುದು ಜರ್ಮನ್ ಮಾತಾಡುವ ಭಾಗದಿಂದ. ಆದರೆ ಆ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಉಳಿದ ಮೂರು ಭಾಷೆಗಳಿಗೆ ಹೋಗುತ್ತದೆ. ಇಟಾಲಿಯನ್ ಮಾತಾಡುವವರು ಜನಸಂಖ್ಯೆಯಲ್ಲಿ ಶೇ 8ರಷ್ಟು. ಅವರ ಪ್ರಸಾರಕ್ಕೆ ಸಿಗುವ ಪಾಲು ಐದನೇ ಒಂದಕ್ಕಿಂತ ಜಾಸ್ತಿ. ಬೆಟ್ಟಗಳ ನಡುವೆ ಉಳಿದುಕೊಂಡಿರುವ ರೊಮಾನ್ಶ್ ಭಾಷೆಯನ್ನು ಆಡುವವರು ಸುಮಾರು 60 ಸಾವಿರ ಮಂದಿ ಮಾತ್ರ. ಅವರಿಗೂ ತಮ್ಮದೇ ರೇಡಿಯೊ ಇದೆ, ಟಿವಿಯಲ್ಲಿ ಸುದ್ದಿ ಇದೆ. ಜಾಹೀರಾತಿನ ದುಡ್ಡನ್ನೇ ನಂಬಿಕೊಂಡು ಅಷ್ಟು ಕಡಿಮೆ ಜನರಿಗಾಗಿ ಯಾವ ಖಾಸಗಿ ಕಂಪನಿಯೂ ಚಾನೆಲ್ ನಡೆಸುವುದಿಲ್ಲ.

2018ರ ವೋಟಿನ ಹೊತ್ತಿನಲ್ಲಿ ಮುಖ್ಯವಾಗಿ ಚರ್ಚೆಯಾದ ವಿಷಯಗಳಲ್ಲಿ ಇದೂ ಒಂದು. ಶುಲ್ಕ ಹೋದರೆ ಸಣ್ಣ ಭಾಷೆಗಳ ಗತಿ ಏನು? ದೊಡ್ಡ ಭಾಷೆಯವರು ಬೇಕೆಂದಿದ್ದರೆ ಅವತ್ತೇ ಕೈ ಬಿಡಬಹುದಿತ್ತು. ಬಿಡಲಿಲ್ಲ. ಇದು ದೊಡ್ಡ ಮಾತು.

ಆದರೆ ಇದರಿಂದ ಎಲ್ಲರೂ ಸಂಸ್ಥೆಯ ಪರ ಇದ್ದರು ಅಂದುಕೊಳ್ಳಬಾರದು. ಅದಕ್ಕೂ ಮೂರು ವರ್ಷ ಮೊದಲು, 2015ರ ಜೂನ್‌ನಲ್ಲಿ, ರೇಡಿಯೊ ಟಿವಿ ಇರಲಿ ಬಿಡಲಿ ಪ್ರತಿ ಮನೆಯೂ ಶುಲ್ಕ ಕಟ್ಟಬೇಕು ಎಂಬ ಕಾನೂನು ಜನರ ಮುಂದೆ ಬಂದಿತ್ತು. ಅದು ಗೆದ್ದಿದ್ದು ಬರೀ ಸುಮಾರು 3,700 ವೋಟುಗಳಿಂದ. ಅಂದರೆ ಅಸಮಾಧಾನ ಜೋರಾಗಿಯೇ ಇತ್ತು. ಇದು ಎಸ್‌ಆರ್‌ಜಿಗೂ ಗೊತ್ತಿತ್ತು. 2018ರಲ್ಲಿ ಗೆದ್ದ ದಿನವೇ ಅದರ ಮುಖ್ಯಸ್ಥರು 10 ಕೋಟಿ ಫ್ರಾಂಕ್ ಖರ್ಚು ಕಡಿತದ ಯೋಜನೆ ಪ್ರಕಟಿಸಿದರು. 2019ರಿಂದ ಶುಲ್ಕ 365 ಫ್ರಾಂಕ್‌ಗೆ ಇಳಿಯಿತು, 2021ರಿಂದ 335ಕ್ಕೆ. ಆಮೇಲೆ ಅದನ್ನು 200ಕ್ಕೆ ಇಳಿಸಬೇಕು ಎಂಬ ಇನ್ನೊಂದು ಬೇಡಿಕೆಗೂ ಸಹಿ ಸಂಗ್ರಹವಾಯಿತು.

ಈ ವೋಟಿನ ಬಲ ಇಲ್ಲಿ ಕಾಣುತ್ತದೆ. ಜನ ಕೈ ಬಿಡಬಹುದು ಎಂಬ ಭಯ ಸಂಸ್ಥೆಯನ್ನು ಎಚ್ಚರವಾಗಿ ಇಡುತ್ತದೆ. ಆದರೆ ದೌರ್ಬಲ್ಯವೂ ಇಲ್ಲೇ ಇದೆ. ಈ ವೋಟಿನಲ್ಲಿ ಹೌದು ಅಥವಾ ಇಲ್ಲ ಅಷ್ಟೇ ಹೇಳಬಹುದು. ‘ಸಂಸ್ಥೆ ಇರಲಿ, ಆದರೆ ಹಳ್ಳಿಗಳ ಸುದ್ದಿ ಜಾಸ್ತಿ ಕೊಡಿ’ ಎಂದು ಹೇಳಲು ಚೀಟಿಯಲ್ಲಿ ಜಾಗವೇ ಇಲ್ಲ. ಒಂದು ಸಂಜೆಯ ಸುದ್ದಿ ಇಷ್ಟವಾಗದವನೂ, ರೇಡಿಯೊವನ್ನೇ ಮುಚ್ಚಬೇಕೆಂದು ಬಯಸುವವನೂ ಒಂದೇ ಕಡೆ ಗುರುತು ಹಾಕಬೇಕಾಗುತ್ತದೆ.

ಎಸ್‌ಆರ್‌ಜಿ ಒಂದು ಕಂಪನಿಯಲ್ಲ, ಸಂಘ. ಇಪ್ಪತ್ತು ಸಾವಿರಕ್ಕೂ ಜಾಸ್ತಿ ಜನ ಪ್ರಾದೇಶಿಕ ಸಂಘಗಳ ಮೂಲಕ ಅದರ ಸದಸ್ಯರು. ಮಂಡಳಿಗೆ ಹೋಗುವ ದಾರಿ ಬಹುಮಟ್ಟಿಗೆ ಇವರ ಮೂಲಕವೇ. ಇಬ್ಬರನ್ನು ಮಾತ್ರ ಸರ್ಕಾರ ನೇಮಿಸುತ್ತದೆ. ಜನಮತಗಣನೆಯ ಸದ್ದಿನಲ್ಲಿ ಈ ನಿಧಾನದ ವ್ಯವಸ್ಥೆ ಕಣ್ಣಿಗೆ ಬೀಳುವುದಿಲ್ಲ. ನನ್ನ ಮಟ್ಟಿಗೆ ಕಲಿಯಬೇಕಾದ್ದು ಇಲ್ಲೇ ಜಾಸ್ತಿ ಇದೆ.

ಸದಸ್ಯರೆಷ್ಟೋ ಅಷ್ಟು ಗಂಟೆ

ನೆದರ್‌ಲೆಂಡ್ಸ್ ಹಿಡಿದ ದಾರಿ ಪೂರ್ತಿ ಬೇರೆ. ನಮ್ಮ ಊರುಗಳ ಹಾಲಿನ ಡೇರಿಯಲ್ಲಿ ಷೇರು ಕಟ್ಟಿ ಸದಸ್ಯರಾಗುತ್ತೇವೆ, ಸದಸ್ಯರೇ ಆಡಳಿತ ಮಂಡಳಿ ಆರಿಸುತ್ತಾರೆ. ಡಚ್ಚರ ರೇಡಿಯೊ ಶುರುವಾಗಿದ್ದು ಹೆಚ್ಚುಕಡಿಮೆ ಹೀಗೆಯೇ. 1920ರ ದಶಕದಲ್ಲಿ ಹಿಲ್ವರ್ಸಮ್ ಎಂಬ ಊರಿನ ಸುತ್ತ ಒಂದೊಂದೇ ಪ್ರಸಾರ ಸಂಘ ಹುಟ್ಟಿತು. ಪ್ರೊಟೆಸ್ಟಂಟರಿಗೆ ಎನ್‌ಸಿಆರ್‌ವಿ. ಕ್ಯಾಥೊಲಿಕರಿಗೆ ಕೆಆರ್‌ಒ. ಸಮಾಜವಾದಿ ಕಾರ್ಮಿಕರಿಗೆ ವಾರಾ. ಈ ಯಾವುದಕ್ಕೂ ಸೇರದವರಿಗೆ ಆವ್ರೊ. ಆಗಿನ ಡಚ್ ಸಮಾಜವೇ ಹಾಗಿತ್ತು. ಶಾಲೆ, ಪತ್ರಿಕೆ, ಕಾರ್ಮಿಕ ಸಂಘ, ಆಟದ ಕ್ಲಬ್ಬು ಎಲ್ಲವೂ ಪಂಗಡದ ಪ್ರಕಾರ. ರೇಡಿಯೊವೂ ಅದೇ ದಾರಿ ಹಿಡಿಯಿತು. 1930ರಲ್ಲಿ ಸರ್ಕಾರ ಪ್ರಸಾರದ ಸಮಯವನ್ನು ಈ ಸಂಘಗಳಿಗೆ ಹಂಚಿಕೊಟ್ಟಿತು.

ಇಲ್ಲಿ ಜನರ ವೋಟು ಚುನಾವಣೆಯ ದಿನ ಬೀಳುವುದಿಲ್ಲ. ನೀವು ಯಾವ ಸಂಘದ ಸದಸ್ಯರಾಗುತ್ತೀರೋ ಅದೇ ನಿಮ್ಮ ವೋಟು. 1967ರಲ್ಲಿ ಬಂದ ಪ್ರಸಾರ ಕಾನೂನು ಇದನ್ನು ಲೆಕ್ಕಕ್ಕೆ ಇಳಿಸಿತು. ಸದಸ್ಯರು ಜಾಸ್ತಿ ಇದ್ದ ಸಂಘಕ್ಕೆ ಜಾಸ್ತಿ ಗಂಟೆ, ಕಡಿಮೆ ಇದ್ದದ್ದಕ್ಕೆ ಕಡಿಮೆ. ಹೊಸ ಸಂಘಗಳಿಗೂ ಬಾಗಿಲು ತೆರೆಯಿತು. ಕೇಳಲು ಎಷ್ಟು ನ್ಯಾಯವಾಗಿದೆ!

ಆಮೇಲೆ ಏನಾಯಿತು ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ಕಾನೂನಿಗೂ ಮೊದಲು, 1964ರಲ್ಲಿ ಕೆಲವರು ಉತ್ತರ ಸಮುದ್ರದಲ್ಲಿ ಕಂಬಗಳ ಮೇಲೆ ಒಂದು ಅಟ್ಟಣೆ ಕಟ್ಟಿ, ಅಲ್ಲಿಂದ ಲೈಸೆನ್ಸ್ ಇಲ್ಲದೆ ಮನರಂಜನೆಯ ಟಿವಿ ಪ್ರಸಾರ ಶುರು ಮಾಡಿದರು. ಅದೇ ವರ್ಷ ಸರ್ಕಾರ ಅದನ್ನು ನಿಲ್ಲಿಸಿತು. ಆದರೆ ಜನರಿಗೆ ಹಗುರ ಮನರಂಜನೆಯ ರುಚಿ ಹತ್ತಿತ್ತು. ಆ ಬಯಕೆಯ ಮೇಲೆಯೇ ಟ್ರಾಸ್ ಎಂಬ ಹೊಸ ಸಂಘ ಕಾನೂನುಬದ್ಧವಾಗಿ ಹುಟ್ಟಿತು. ಧರ್ಮವೂ ಇಲ್ಲ, ಸಿದ್ಧಾಂತವೂ ಇಲ್ಲ, ಹಾಡು, ಆಟ, ನಗು ಇಷ್ಟೇ. ಸದಸ್ಯರು ನುಗ್ಗಿ ಬಂದರು. ಸದಸ್ಯರು ಬಂದಷ್ಟೂ ಗಂಟೆಗಳು ಸಿಕ್ಕವು. ಹಳೆಯ ಸಂಘಗಳು ತಮ್ಮ ಗಂಟೆಗಳನ್ನು ಉಳಿಸಿಕೊಳ್ಳಲು ಅದನ್ನೇ ಅನುಸರಿಸಬೇಕಾಯಿತು.

ಇನ್ನೊಂದು ಸಂಗತಿ ಇದಕ್ಕಿಂತ ಗಂಭೀರ. ಮುಂದಿನ ವಾರ ಟಿವಿಯಲ್ಲಿ ಏನು ಬರುತ್ತದೆ ಎಂಬ ಪೂರ್ತಿ ವೇಳಾಪಟ್ಟಿಯನ್ನು ಅಚ್ಚು ಹಾಕುವ ಹಕ್ಕು ಈ ಸಂಘಗಳ ಕೈಯಲ್ಲಿತ್ತು. ಪ್ರತಿ ಸಂಘವೂ ಒಂದು ವಾರಪತ್ರಿಕೆ ತರುತ್ತಿತ್ತು. ಆ ಪತ್ರಿಕೆಗೆ ಚಂದಾ ಕಟ್ಟಿದವರನ್ನೂ ಸಂಘದ ಬೆಂಬಲಿಗರೆಂದೇ ಎಣಿಸುತ್ತಿದ್ದರು. ಅಂದರೆ ಫುಟ್‌ಬಾಲ್ ಪಂದ್ಯ ಎಷ್ಟು ಹೊತ್ತಿಗೆ ಎಂದು ತಿಳಿಯಲು ಪತ್ರಿಕೆ ತರಿಸಿದ ಮನೆಯವರು, ತಮಗೆ ಗೊತ್ತಿಲ್ಲದೆಯೇ, ದೇಶದ ಪ್ರಸಾರ ಸಮಯವನ್ನು ಹಂಚುವ ವೋಟು ಹಾಕಿದಂತಾಗುತ್ತಿತ್ತು. ಚೆನ್ನಾಗಿ ಕಾರ್ಯಕ್ರಮ ಮಾಡುವುದಕ್ಕಿಂತ ಚೆನ್ನಾಗಿ ಪತ್ರಿಕೆ ಮಾರುವುದು ಲಾಭದ ಕೆಲಸವಾಯಿತು. ವೋಟನ್ನು ಯಾವುದಕ್ಕಾದರೂ ಗಂಟು ಹಾಕುವ ಮೊದಲು ಈ ಕತೆಯನ್ನು ಓದಬೇಕು.

ಹಾಗಂತ ಡಚ್ ಪದ್ಧತಿಯನ್ನು ಸುಮ್ನೆ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಅದರಿಂದ ನಿಜವಾದ ಒಳ್ಳೆಯದೂ ಆಗಿದೆ. ಹೊಸ ಸಂಘವೊಂದು ಒಳಗೆ ಬರಬೇಕಾದರೆ 50 ಸಾವಿರ ಸದಸ್ಯರನ್ನು ತೋರಿಸಬೇಕು, ಪ್ರತಿಯೊಬ್ಬರೂ ವರ್ಷಕ್ಕೆ ಕನಿಷ್ಠ 5.72 ಯುರೋ ಕಟ್ಟಿರಬೇಕು ಎಂಬ ನಿಯಮವಿತ್ತು. ಐವತ್ತು ದಾಟಿದವರನ್ನು ಟಿವಿಯವರು ಮರೆತಿದ್ದಾರೆ ಎನಿಸಿದಾಗ ಅವರಿಗಾಗಿಯೇ ‘ಮ್ಯಾಕ್ಸ್’ ಎಂಬ ಸಂಘ ಎದ್ದು ನಿಂತಿತು. 2005ರಲ್ಲಿ ಪ್ರಸಾರಕ್ಕೆ ಬಂದು ಗಟ್ಟಿಯಾಗಿ ಬೇರು ಬಿಟ್ಟಿತು. ಯಾವ ಮಂತ್ರಿಯ ಕೃಪೆಯೂ ಬೇಕಾಗಲಿಲ್ಲ. ಅದಕ್ಕೂ ಮೊದಲು ಹದಿಹರೆಯದವರಿಗಾಗಿ ಬಿಎನ್‌ಎನ್ ಬಂದಿದ್ದೂ ಹೀಗೆಯೇ.

ಅದೇ ಬಾಗಿಲಿನಿಂದ 2022ರಲ್ಲಿ ‘ಒಂಗೆಹೋರ್ಡ್ ನೆದರ್‌ಲೆಂಡ್’ ಎಂಬ ಸಂಘವೂ ಬಂತು. ತಮ್ಮ ದನಿ ಯಾರಿಗೂ ಕೇಳಿಸುತ್ತಿಲ್ಲ ಎನ್ನುವ ಬಲಪಂಥೀಯರ ಗುಂಪು ಅದು. ಪತ್ರಿಕಾ ನೀತಿ ಸಂಹಿತೆ ಮುರಿದಿದ್ದಕ್ಕೆ ಅದೇ ವರ್ಷ ಅದಕ್ಕೆ ದಂಡ ಬಿತ್ತು. ಸಾರ್ವಜನಿಕ ಚಾನೆಲ್‌ಗಳನ್ನು ನಿಭಾಯಿಸುವ ಎನ್‌ಪಿಒ ಸಂಸ್ಥೆ, ಇದರ ಮಾನ್ಯತೆ ಹಿಂತೆಗೆದುಕೊಳ್ಳಿ ಎಂದು 2023ರಲ್ಲಿ ಸರ್ಕಾರವನ್ನು ಕೇಳಿತು. ಸರ್ಕಾರ ಒಪ್ಪಲಿಲ್ಲ. ಸದಸ್ಯರ ಸಂಖ್ಯೆಯೊಂದೇ ಅರ್ಹತೆಯಾದರೆ, ಸುದ್ದಿ ಸತ್ಯವೋ ಸುಳ್ಳೋ ಎಂಬ ಪ್ರಶ್ನೆಯನ್ನು ಆಮೇಲೆ ಕೇಳಬೇಕಾಗುತ್ತದೆ. ಅಷ್ಟರಲ್ಲಿ ಹೊತ್ತು ಮೀರಿರುತ್ತದೆ. ಪ್ರವೇಶಕ್ಕೆ ಸದಸ್ಯರ ಲೆಕ್ಕವೇ ಮುಖ್ಯ ಅಳತೆಯಾಗಬಾರದು ಎಂದು ಸರ್ಕಾರವೇ ನೇಮಿಸಿದ ಸಮಿತಿ 2023ರಲ್ಲಿ ಸಲಹೆ ಕೊಟ್ಟಿತು.

ಕೇಳುಗರೇ ಆರಿಸಿದ ಮಂಡಳಿ

ಈಗ ಮೂರನೆಯ ಬಗೆ. ಇದಕ್ಕೆ ಅಮೆರಿಕದ ಪೆಸಿಫಿಕಾ ರೇಡಿಯೊ ಜಾಲವನ್ನು ನೋಡಬೇಕು. ಅದು ಸರ್ಕಾರದ ಸಂಸ್ಥೆಯಲ್ಲ. 1949ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೆಪಿಎಫ್‌ಎ ಎಂಬ ಕೇಂದ್ರವಾಗಿ ಶುರುವಾಯಿತು. ಜಾಹೀರಾತಿಲ್ಲ, ಕೇಳುಗರ ದೇಣಿಗೆಯೇ ಆಧಾರ. ಆಮೇಲೆ ಲಾಸ್ ಏಂಜಲೀಸ್, ನ್ಯೂಯಾರ್ಕ್, ಹ್ಯೂಸ್ಟನ್, ವಾಷಿಂಗ್ಟನ್ ಸೇರಿ ಐದು ಕೇಂದ್ರಗಳಾದವು.

ದುಡ್ಡು ಕೇಳುಗರದ್ದು. ಆದರೆ ಆಡಳಿತ ಮಂಡಳಿಗೆ ಸದಸ್ಯರನ್ನು ಸೇರಿಸಿಕೊಳ್ಳುತ್ತಿದ್ದದ್ದು ಮಂಡಳಿಯೇ. 1999ರಲ್ಲಿ ಈ ವಿರೋಧಾಭಾಸ ಸಿಡಿಯಿತು. ಬರ್ಕ್ಲಿ ಕೇಂದ್ರದ ಮ್ಯಾನೇಜರನ್ನು ಮೇಲಿನವರು ತೆಗೆದುಹಾಕಿದರು. ಆ ಬಗ್ಗೆ ಮೈಕಿನ ಮುಂದೆ ಮಾತಾಡಬಾರದು ಎಂದು ನೌಕರರಿಗೆ ಕಟ್ಟಪ್ಪಣೆಯಾಯಿತು. ಜುಲೈ 13ರ ಸಂಜೆ ಅದನ್ನು ಮೀರಿದ ಕಾರ್ಯಕ್ರಮ ನಿರ್ಮಾಪಕರೊಬ್ಬರನ್ನು ಕಾವಲಿನವರು ಹೊರಹಾಕಲು ಬಂದರು. ಆ ಗಲಾಟೆ, ಕೂಗಾಟ ಎಲ್ಲವೂ ನೇರ ಪ್ರಸಾರದಲ್ಲಿ ಕೇಳುಗರ ಮನೆಗಳಿಗೆ ತಲುಪಿತು. ಆಮೇಲೆ ಕೇಂದ್ರಕ್ಕೆ ಬೀಗ ಬಿತ್ತು. ತಿಂಗಳ ಕೊನೆಗೆ ಬರ್ಕ್ಲಿಯ ಬೀದಿಗಳಲ್ಲಿ ಸಾವಿರಾರು ಕೇಳುಗರು ಮೆರವಣಿಗೆ ಹೊರಟರು. ಒಂದು ರೇಡಿಯೊ ಕೇಂದ್ರಕ್ಕಾಗಿ ಇಷ್ಟು ಜನ ಬೀದಿಗೆ ಇಳಿದಿದ್ದು ನೆನಪಿಡಬೇಕಾದ ಘಟನೆ.

ಕೋರ್ಟಿನಲ್ಲಿ ರಾಜಿಯಾಗಿ, 2003ರಲ್ಲಿ ಹೊಸ ಬೈಲಾ ಬಂತು. ವರ್ಷಕ್ಕೆ 25 ಡಾಲರ್ ಕೊಟ್ಟವರಿಗೆ, ಅಥವಾ ದುಡ್ಡಿಲ್ಲದವರು ಮೂರು ಗಂಟೆ ಸೇವೆ ಮಾಡಿದರೆ ಅವರಿಗೂ ವೋಟು. ಪ್ರತಿ ಕೇಂದ್ರಕ್ಕೂ ಒಂದು ಸ್ಥಳೀಯ ಮಂಡಳಿ. ಅದರಲ್ಲಿ ಬಹುಪಾಲು ಕೇಳುಗರ ಪ್ರತಿನಿಧಿಗಳು, ಉಳಿದವರು ನೌಕರರ ಪ್ರತಿನಿಧಿಗಳು. ವೋಟು ಹಾಕುವ ಕ್ರಮ ನಮ್ಮ ವಿಧಾನ ಪರಿಷತ್ತಿನ ಪದವೀಧರರ ಕ್ಷೇತ್ರದಲ್ಲಿ ಇರುವಂಥದ್ದೇ. ಒಂದನೇ ಆಯ್ಕೆ, ಎರಡನೇ ಆಯ್ಕೆ, ಮೂರನೇ ಆಯ್ಕೆ ಎಂದು ಅಂಕಿ ಬರೆಯಬೇಕು. ಹೀಗೆ ಮಾಡಿದರೆ ಸಣ್ಣ ಗುಂಪುಗಳಿಗೂ ಜಾಗ ಸಿಗುತ್ತದೆ.

ಕಾಗದದ ಮೇಲೆ ಇದಕ್ಕಿಂತ ಒಳ್ಳೆಯ ಕೇಳುಗರ ಪ್ರಜಾಪ್ರಭುತ್ವ ಇನ್ನೊಂದಿಲ್ಲ. ನಡೆದದ್ದು ಬೇರೆ. ಚುನಾವಣೆ ಮಾನ್ಯವಾಗಲು ಕೇಳುಗ ಸದಸ್ಯರಲ್ಲಿ ಶೇ 10ರಷ್ಟು ಮಂದಿ ವೋಟು ಹಾಕಿದರೆ ಸಾಕಿತ್ತು. ಅದನ್ನು ಮುಟ್ಟುವುದಕ್ಕೇ ಏದುಸಿರು ಬಿಡಬೇಕಾಯಿತು. ಸ್ವಲ್ಪವೇ ಜನ ವೋಟು ಹಾಕುವ ಕಡೆ ಗಟ್ಟಿಯಾಗಿ ಸಂಘಟಿತರಾದ ಬಣಗಳೇ ಗೆಲ್ಲುತ್ತವೆ. ಮಂಡಳಿ ಸಭೆಗಳು ಬಣಗಳ ಜಗಳದಲ್ಲಿ ಮುಳುಗಿದವು. ಚುನಾವಣೆ ನಡೆಸುವ ಖರ್ಚೇ ಭಾರವಾಯಿತು. 2019ರ ಅಕ್ಟೋಬರ್‌ನಲ್ಲಿ ರಾಷ್ಟ್ರೀಯ ಕಚೇರಿಯವರು ನ್ಯೂಯಾರ್ಕ್ ಕೇಂದ್ರದ ಸ್ಥಳೀಯ ಕಾರ್ಯಕ್ರಮಗಳನ್ನೇ ದಿಢೀರನೆ ನಿಲ್ಲಿಸಿ ನೌಕರರನ್ನು ಮನೆಗೆ ಕಳಿಸಿದರು. ಮತ್ತೆ ಕೋರ್ಟು, ಮತ್ತೆ ತಡೆಯಾಜ್ಞೆ.

ಆದರೂ ಒಂದು ಮಾತು ಹೇಳಲೇಬೇಕು. 1999ರಲ್ಲಿ ಕೇಳುಗರು ಬೀದಿಗೆ ಇಳಿಯದಿದ್ದರೆ ಕೆಪಿಎಫ್‌ಎಯನ್ನು ಮಾರುವ ಯೋಚನೆ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ. ಆ ಕೇಂದ್ರ ಇವತ್ತಿಗೂ ಪ್ರಸಾರ ಮಾಡುತ್ತಿದೆ. ವೋಟು ಅಲ್ಲಿ ರಕ್ಷಣೆಗೆ ಬಂತು, ದಿನದ ಆಡಳಿತಕ್ಕೆ ಸಾಲಲಿಲ್ಲ.

ಜರ್ಮನಿ ಇನ್ನೊಂದು ಉಪಾಯ ಮಾಡಿದೆ. ಅಲ್ಲಿ ಒಬ್ಬೊಬ್ಬರಿಗೂ ವೋಟಿಲ್ಲ. ಚರ್ಚು, ಕಾರ್ಮಿಕ ಸಂಘ, ರೈತ ಸಂಘ, ಕ್ರೀಡಾ ಸಂಘ, ಪರಿಸರ ಸಂಘಟನೆಗಳು ತಮ್ಮ ತಮ್ಮ ಪ್ರತಿನಿಧಿಗಳನ್ನು ಪ್ರಸಾರ ಮಂಡಳಿಗೆ ಕಳಿಸುತ್ತವೆ. ಆದರೆ ಝಡ್‌ಡಿಎಫ್ ಚಾನೆಲ್‌ನ ಮಂಡಳಿಗಳಲ್ಲಿ ಪಕ್ಷಗಳ ಜನ ನಿಧಾನಕ್ಕೆ ತುಂಬಿಕೊಂಡರು. 2009ರಲ್ಲಿ ಪ್ರಧಾನ ಸಂಪಾದಕ ನಿಕೋಲಾಸ್ ಬ್ರೆಂಡರ್ ಅವರ ಅವಧಿಯನ್ನು ಮುಂದುವರಿಸದಂತೆ ರಾಜಕಾರಣಿಗಳು ನೋಡಿಕೊಂಡರು. ದೇಶವಿಡೀ ಗದ್ದಲವಾಯಿತು. 2014ರ ಮಾರ್ಚ್ 25ರಂದು ಅಲ್ಲಿನ ಸಂವಿಧಾನ ಕೋರ್ಟು ಒಂದು ಗೆರೆ ಎಳೆಯಿತು. ಸರ್ಕಾರ ಮತ್ತು ಪಕ್ಷಗಳಿಗೆ ಹತ್ತಿರದವರು ಮಂಡಳಿಯಲ್ಲಿ ಮೂರನೇ ಒಂದು ಭಾಗವನ್ನು ಮೀರಬಾರದು. ನನಗೆ ತುಂಬ ಬೇಕಾದ ಗೆರೆ ಇದು.

ನಮ್ಮಲ್ಲಿ ಏನಿದೆ

ಭಾರತದಲ್ಲಿ ಈ ಚರ್ಚೆಗೆ ಕನ್ನಡನಾಡಿನಲ್ಲೇ ಒಂದು ಆರಂಭವಿದೆ. 1935ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆಯಿಂದಲೇ ಒಂದು ಬಾನುಲಿ ಕೇಂದ್ರ ಶುರು ಮಾಡಿದರು. ಆಕಾಶವಾಣಿ ಎಂಬ ಹೆಸರು ಬಂದಿದ್ದು ಅಲ್ಲಿಂದಲೇ. ಸರ್ಕಾರದ ಆದೇಶದಿಂದ ಹುಟ್ಟಿದ್ದಲ್ಲ, ಒಬ್ಬ ಮೇಷ್ಟ್ರ ಉತ್ಸಾಹದಿಂದ ಹುಟ್ಟಿದ್ದು. ಕೆಲವು ವರ್ಷದ ನಂತರ ಮೈಸೂರು ಸಂಸ್ಥಾನ ಅದನ್ನು ವಹಿಸಿಕೊಂಡಿತು. ಸ್ವಾತಂತ್ರ್ಯದ ನಂತರ ಅದು ಕೇಂದ್ರ ಸರ್ಕಾರದ ಕೈಗೆ ಹೋಯಿತು.

ಸರ್ಕಾರದ ಕೈಯಲ್ಲಿ ರೇಡಿಯೊ ಇದ್ದರೆ ಏನಾಗುತ್ತದೆ ಎಂಬುದನ್ನು 1975ರ ತುರ್ತು ಪರಿಸ್ಥಿತಿ ತೋರಿಸಿಕೊಟ್ಟಿತು. ಅದಾದ ಮೇಲೆ ಬಿ.ಜಿ. ವರ್ಗೀಸ್ ನೇತೃತ್ವದ ಸಮಿತಿ 1978ರಲ್ಲಿ ಸ್ವತಂತ್ರ ಟ್ರಸ್ಟ್ ಮಾಡಿ ಎಂದಿತು. ಕಾನೂನು ಬರಲು 1990 ಆಯಿತು, ಅದು ಜಾರಿಯಾಗಲು 1997. ಈ ನಡುವೆ, 1995ರ ಫೆಬ್ರುವರಿಯಲ್ಲಿ, ಕ್ರಿಕೆಟ್ ಪ್ರಸಾರದ ಜಗಳವೊಂದರಲ್ಲಿ ಸುಪ್ರೀಂ ಕೋರ್ಟ್ ದೊಡ್ಡ ಮಾತು ಹೇಳಿತು. ಬಾನುಲಿ ಅಲೆಗಳು ಸಾರ್ವಜನಿಕ ಸ್ವತ್ತು, ಅವುಗಳನ್ನು ಜನರ ಹಿತಕ್ಕಾಗಿಯೇ ಬಳಸಬೇಕು.

ಆಕಾಶವಾಣಿ, ದೂರದರ್ಶನ ಎರಡನ್ನೂ ನಡೆಸುವ ಪ್ರಸಾರ ಭಾರತಿಯ ಈ ಕಾನೂನನ್ನು ತೆಗೆದು ಓದಿದರೆ ಅಚ್ಚರಿಯಾಗುತ್ತದೆ. ಮಂಡಳಿಯ ಅಧ್ಯಕ್ಷರನ್ನೂ ಬಹುಪಾಲು ಸದಸ್ಯರನ್ನೂ ಆರಿಸಲು ಮೂವರ ಸಮಿತಿ ಇದೆ. ಉಪರಾಷ್ಟ್ರಪತಿ, ಪ್ರೆಸ್ ಕೌನ್ಸಿಲ್ ಅಧ್ಯಕ್ಷರು, ರಾಷ್ಟ್ರಪತಿ ಹೆಸರಿಸಿದ ಒಬ್ಬರು. ಇದರ ಜೊತೆ ಮಂಡಳಿಯಲ್ಲಿ ಇಬ್ಬರು ನೌಕರರ ಪ್ರತಿನಿಧಿಗಳು ಇರಬೇಕು. ಒಬ್ಬರನ್ನು ಎಂಜಿನಿಯರಿಂಗ್ ಸಿಬ್ಬಂದಿ, ಇನ್ನೊಬ್ಬರನ್ನು ಉಳಿದ ನೌಕರರು ವೋಟು ಹಾಕಿ ಆರಿಸಬೇಕು. ಅಂದರೆ ಚುನಾವಣೆಯ ತತ್ವವನ್ನು ಕಾನೂನು ಆಗಲೇ ಒಪ್ಪಿದೆ! ನೌಕರರಿಗೆ ಕೊಟ್ಟ ಹಕ್ಕನ್ನು ಕೇಳುಗರಿಗೆ ಮಾತ್ರ ಕೊಟ್ಟಿಲ್ಲ.

ಇನ್ನೂ ಎರಡು ಕಲಂಗಳಿವೆ. 13ನೇ ಕಲಂ ಪ್ರಕಾರ 22 ಸಂಸದರ ಸಮಿತಿ ಬೇಕು. 15 ಮಂದಿ ಲೋಕಸಭೆಯಿಂದ, 7 ಮಂದಿ ರಾಜ್ಯಸಭೆಯಿಂದ. 14ನೇ ಕಲಂ ಪ್ರಕಾರ ಒಂದು ಪ್ರಸಾರ ಪರಿಷತ್ತು ಬೇಕು. ಅಧ್ಯಕ್ಷರು, ಸಾರ್ವಜನಿಕ ಬದುಕಿನ ಹತ್ತು ಗಣ್ಯರು, ನಾಲ್ವರು ಸಂಸದರು. ಜನರ ದೂರುಗಳನ್ನು ಕೇಳುವುದು ಅದರ ಕೆಲಸ. ಇಷ್ಟು ವರ್ಷದಲ್ಲಿ ಇವೆರಡೂ ಜನರ ಕಣ್ಣಿಗೆ ಬೀಳುವಂತೆ ಕೆಲಸ ಮಾಡಿದ್ದಿಲ್ಲ. ಇತ್ತ ಸಂಬಳದ ದುಡ್ಡು ಬರುವುದು ಕೇಂದ್ರ ಸರ್ಕಾರದ ಅನುದಾನದಿಂದ. ಹಿಂದೆ ಅಂಚೆ ಕಚೇರಿಗೆ ಹೋಗಿ ರೇಡಿಯೊ ಲೈಸೆನ್ಸ್ ಶುಲ್ಕ ಕಟ್ಟಿ ಬರುತ್ತಿದ್ದ ದಿನಗಳಿದ್ದವು. 1980ರ ದಶಕದಲ್ಲಿ ಆ ಶುಲ್ಕ ಹೋಯಿತು. ಮನೆಗಳಿಗೆ ಉಳಿತಾಯವಾಯಿತು ನಿಜ. ಆದರೆ ‘ಇದು ನಮ್ಮ ದುಡ್ಡಿನ ರೇಡಿಯೊ’ ಎಂದು ಕೇಳುವ ನೇರ ಹಕ್ಕೂ, ಕೇಳುಗರು ಯಾರು ಎಂಬ ಪಟ್ಟಿಯೂ ಅದರ ಜೊತೆಗೇ ಹೋದವು.

ಯಾರ ವೋಟು, ಯಾವುದಕ್ಕೆ

ನಮಗೆ ಯಾವುದು ಹೊಂದುತ್ತದೆ? ತಲೆ ಎಣಿಸಿ ಪ್ರಸಾರದ ಸಮಯ ಹಂಚುವ ಡಚ್ ಪದ್ಧತಿ ಇಲ್ಲಿ ಖಂಡಿತ ಬೇಡ. ಮಡಿಕೇರಿ ಆಕಾಶವಾಣಿ ಕೊಡವ ಭಾಷೆಯಲ್ಲೂ ಪ್ರಸಾರ ಮಾಡುತ್ತದೆ. 2011ರ ಜನಗಣತಿಯಲ್ಲಿ ಕೊಡವ ತಾಯ್ನುಡಿಯವರು ಒಂದು ಲಕ್ಷಕ್ಕಿಂತ ಸ್ವಲ್ಪ ಜಾಸ್ತಿ. ಕನ್ನಡದವರು ನಾಲ್ಕು ಕೋಟಿಗೂ ಮಿಗಿಲು. ಮಂಗಳೂರು ಕೇಂದ್ರದಲ್ಲಿ ತುಳು, ಕೊಂಕಣಿ ಕಾರ್ಯಕ್ರಮಗಳಿವೆ. ಬರೀ ಸಂಖ್ಯೆಯೇ ಮಾತಾಡಿದರೆ ಈ ದನಿಗಳು ಮೊದಲ ವರ್ಷವೇ ಅಡಗುತ್ತವೆ. ಇಡೀ ದೇಶದ ಲೆಕ್ಕ ಹಿಡಿದರೆ ಕನ್ನಡದ ಗತಿಯೂ ಅದೇ. ಸ್ವಿಸ್ ಜನ ಸಣ್ಣ ಭಾಷೆಗಳನ್ನು ಕಾಪಾಡಿದ್ದು ವೋಟಿನಿಂದಷ್ಟೇ ಅಲ್ಲ. ದುಡ್ಡು ಹಂಚುವ ನಿಯಮ ವೋಟಿಗೂ ಮೊದಲೇ ಗಟ್ಟಿಯಾಗಿತ್ತು. ಭಾಷೆಗಳ ಪಾಲು ವೋಟಿಗೆ ಬೀಳದ ಹಾಗೆ ಮೊದಲೇ ಕಾನೂನಿನಲ್ಲಿ ಬರೆದಿಡಬೇಕು. ಸುದ್ದಿ ವಿಭಾಗಕ್ಕೂ ಇದೇ ಮಾತು. ಯಾವ ಸುದ್ದಿ ಹೋಗಬೇಕು ಎಂಬುದಕ್ಕೆ ವೋಟು ಇರಬಾರದು.

ವೋಟು ಬೇಕಿರುವುದು ಮಂಡಳಿಯ ಕುರ್ಚಿಗಳಿಗೆ. ನೌಕರರಿಗೆ ಎರಡು ಸ್ಥಾನ ಇರುವ ಹಾಗೆ ಕೇಳುಗರಿಗೂ ಸ್ಥಾನಗಳಿರಬೇಕು. ಒಂದೆರಡಲ್ಲ, ಕೇಂದ್ರ ಸರ್ಕಾರದ ಕಡೆಯವರಿಗಿಂತ ಜಾಸ್ತಿ. ಜರ್ಮನ್ ಕೋರ್ಟಿನ ಮೂರನೇ ಒಂದರ ಮಿತಿಯನ್ನು ನಮ್ಮ ಕಾನೂನಿಗೂ ತರಬೇಕು. ಪಕ್ಷದ ಹುದ್ದೆಯಲ್ಲಿರುವವರು ಈ ಸ್ಥಾನಗಳಿಗೆ ನಿಲ್ಲಬಾರದು.

ಮತದಾರರ ಪಟ್ಟಿ ಯಾವುದು ಎಂಬುದು ಕಷ್ಟದ ಪ್ರಶ್ನೆ. ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ವೋಟು ಅಂದರೆ ಪದವೀಧರರ ಕ್ಷೇತ್ರದಲ್ಲಿ ಆಗುವುದೇ ಆಗುತ್ತದೆ. ಯಾರು ಜಾಸ್ತಿ ಅರ್ಜಿ ತುಂಬಿಸುತ್ತಾರೋ ಅವರದ್ದೇ ಮೇಲುಗೈ. ಪೆಸಿಫಿಕಾದ ಬಣಗಳು ಇಲ್ಲೂ ಬರುತ್ತವೆ. ಎಲ್ಲ ಮತದಾರರಿಗೂ ವೋಟು ಅಂದರೆ ಅದು ಇನ್ನೊಂದು ಲೋಕಸಭಾ ಚುನಾವಣೆಯಷ್ಟು ಖರ್ಚಿನ ಕೆಲಸ. ಹಾಗಾಗಿ ನನ್ನ ಒಲವು ಚೀಟಿ ಎತ್ತುವ ಕಡೆಗೆ. ಐರ್ಲೆಂಡ್ 2016ರಲ್ಲಿ ಹೀಗೆಯೇ 99 ಸಾಮಾನ್ಯ ಪ್ರಜೆಗಳನ್ನು ಆರಿಸಿ, ತಜ್ಞರ ಮಾತು ಕೇಳಿಸಿ, ಗರ್ಭಪಾತದಂಥ ಬಿಸಿ ವಿಷಯವನ್ನೂ ಅವರ ಮುಂದೆ ಇಟ್ಟಿತು. ಅವರ ಶಿಫಾರಸು ಆಮೇಲೆ ಜನಮತಗಣನೆಗೆ ಹೋಗಿ ಗೆದ್ದಿತು. ಯಾವ ಪಕ್ಷಕ್ಕೂ ಋಣಿಯಲ್ಲದ, ಪ್ರಚಾರದ ಖರ್ಚಿಲ್ಲದ ಜನ ಹೀಗೆ ಸಿಗುತ್ತಾರೆ. ಮೊದಲು ಚೀಟಿ ಎತ್ತಿ ಕೇಳುಗರ ಸಮಿತಿ ಮಾಡಿ, ಆ ಸಮಿತಿಯವರು ಪದವೀಧರರ ಕ್ಷೇತ್ರದ ಕ್ರಮದಲ್ಲೇ ವೋಟು ಹಾಕಿ ಮಂಡಳಿಗೆ ಕಳಿಸಿದರೆ ಎರಡೂ ಒಳ್ಳೆಯ ಗುಣ ಉಳಿಯುತ್ತವೆ.

ನಮ್ಮ ಜನ ಇದನ್ನು ನಿಭಾಯಿಸಬಲ್ಲರೇ ಎಂಬ ಅನುಮಾನವಿದ್ದವರು ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೋಡಬೇಕು. ಸಂಘ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ನಡೆಸಲು ಸರ್ಕಾರ ಅವಕಾಶ ಕೊಟ್ಟಿದ್ದು 2006ರಲ್ಲಿ. ಅದಕ್ಕೂ ಮೊದಲೇ ಅಲ್ಲಿ ‘ನಮ್ಮ ಧ್ವನಿ’ ಶುರುವಾಗಿತ್ತು. ಬಾನಿಗೆ ಬಿಡಲು ಲೈಸೆನ್ಸ್ ಇಲ್ಲದ ಕಾರಣ ಕೇಬಲ್ ಮೂಲಕ ಮನೆಗಳಿಗೆ ಕಾರ್ಯಕ್ರಮ ತಲುಪಿಸಿದರು. ಸ್ವಸಹಾಯ ಸಂಘದ ಹೆಣ್ಣುಮಕ್ಕಳೂ ಊರಿನ ಯುವಕರೂ ಸೇರಿ ಏನು ಕೇಳಿಸಬೇಕೆಂದು ಕೂತು ನಿರ್ಧರಿಸಿದರು.

ಮಂಡಳಿಯಲ್ಲಿ ಹೊಸ ಸ್ಥಾನಗಳಿಗೆ ಸಂಸತ್ತಿನಲ್ಲಿ ತಿದ್ದುಪಡಿ ಬೇಕು. ಅದು ನಿಧಾನದ ಕೆಲಸ. 14ನೇ ಕಲಂನ ಪರಿಷತ್ತಿಗೆ ತಿದ್ದುಪಡಿಯೇ ಬೇಡ, ನೇಮಕ ಮಾಡಿದರೆ ಸಾಕು. ಒಂದೊಂದು ಬಾನುಲಿ ಕೇಂದ್ರದ ಮಟ್ಟದ ಕೇಳುಗರ ಸಮಿತಿಗೆ ಇನ್ನೂ ಕಡಿಮೆ ತಯಾರಿ ಸಾಕು. ಮಡಿಕೇರಿ ಕೇಂದ್ರದಿಂದ ಶುರು ಮಾಡಬಹುದು. ಕೊಡಗಿನ ಪ್ರತಿ ತಾಲ್ಲೂಕಿನ ಮತದಾರರ ಪಟ್ಟಿಯಿಂದ ಚೀಟಿ ಎತ್ತಿ ಮೂವತ್ತು ಜನರನ್ನು ಕರೆಯಬೇಕು. ಕೊಡವ, ಅರೆಭಾಷೆ, ಎರವ ಮಾತಾಡುವವರಿಗೆ, ತೋಟದ ಕೂಲಿಯವರಿಗೆ ಜಾಗ ಖಾತ್ರಿ ಇರಬೇಕು. ಅವತ್ತಿನ ಕೂಲಿ, ಬಸ್ ಚಾರ್ಜ್ ಕೊಡಬೇಕು. ಮುಂದಿನ ವರ್ಷದ ಕಾರ್ಯಕ್ರಮ ಪಟ್ಟಿಯನ್ನೂ ಖರ್ಚಿನ ಲೆಕ್ಕವನ್ನೂ ಅವರ ಮುಂದೆ ಇಡಬೇಕು. ಅವರು ವೋಟು ಹಾಕಿ ಕೊಟ್ಟ ಪ್ರತಿ ಸಲಹೆಗೂ ಕೇಂದ್ರದವರು ಒಂದು ತಿಂಗಳೊಳಗೆ ಬರಹದಲ್ಲಿ ಉತ್ತರ ಕೊಡಬೇಕು, ಆ ಉತ್ತರವನ್ನು ರೇಡಿಯೊದಲ್ಲೇ ಓದಬೇಕು.